ಹದಿನಾಲ್ಕೂವರೆ ಇಂಚಿನ ತೋಳು

ಜೂನ್ 2, ಸೋಮವಾರ

ಮೂರನೇ ಸಲವೂ ವಾಪಸ್ಸು ಕಳಿಸಿದರು.

ಆಸ್ಪತ್ರೆಯ ಹಸಿರು ಗೌನು ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು, ಕಣ್ಣಿನ ಪೊರೆ ತೆಗೆಸಿಕೊಳ್ಳುವವರ ಸಾಲಿನಲ್ಲಿ ಐದನೆಯವಳಾಗಿ ಕೂತಿದ್ದೆ. ಗೌನಿನ ಕೊರಳಪಟ್ಟಿಯನ್ನು ಬೆರಳಲ್ಲಿ ಸವರಿದರೇ ಸಾಕು, ಯಾರೋ ಬಸ್ಸು ತಪ್ಪೀತೆಂಬ ಅವಸರದಲ್ಲಿ ಹೊಲಿದದ್ದು ಎಂದು ಗೊತ್ತಾಗುತ್ತದೆ. ಅದನ್ನೇ ನರ್ಸಿಗೆ ವಿವರಿಸುತ್ತಿದ್ದೆ. ನಾನು ಹೇಳುತ್ತಿರುವಾಗಲೇ ಅವಳು ನನ್ನ ಬಲತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿಸಿದಳು. ಮೇಲಿನದು ನೂರ ಎಂಬತ್ತೆರಡು, ಕೆಳಗಿನದು ನೂರ ನಾಲ್ಕು.

"ಇಷ್ಟು ಬಿಪಿ ಇಟ್ಕೊಂಡು ಬಂದ್ರೆ ಕಣ್ಣಿಗೆ ಕೈ ಹಾಕೋಕಾಗಲ್ಲಮ್ಮ," ಎಂದರು ಡಾಕ್ಟರು. "ಇಲ್ಲಿಗೆ ಬಂದಾಗ ಮಾತ್ರ ಏರುತ್ತೋ, ಮನೇಲೂ ಹೀಗೇನೋ, ಅದು ನನಗೆ ಗೊತ್ತಾಗ್ಬೇಕು. ಒಂದು ಮೆಷಿನ್ ತಗೊಳ್ಳಿ. ಏಳು ದಿನ ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ, ಬರ್ಕೊಂಡು ಹತ್ತೊಂಬತ್ತಕ್ಕೆ ಬನ್ನಿ. ಆವತ್ತೂ ಆಗ್ಲಿಲ್ಲ ಅಂದ್ರೆ ಮುಂದಿನ ಸರದಿ ಸಿಗೋದು ಐದು ತಿಂಗಳ ಮೇಲೇ."

ಐದು ತಿಂಗಳು! ನನ್ನ ಬಲಗಣ್ಣಿಗೆ ಮೇಜಿನ ಮೇಲೆ ಬಟ್ಟೆ ಇದೆ ಎನ್ನುವುದು ತಿಳಿಯುತ್ತದೆ, ಬಣ್ಣ ತಿಳಿಯುವುದಿಲ್ಲ. ಎಡಗಣ್ಣೂ ಅದೇ ದಾರಿ ಹಿಡಿದಿದೆ. ಕೈಯ ಅಂದಾಜಿನಲ್ಲಿ ಹೊಲಿಯುತ್ತಿದ್ದೇನೆ. ಮೂವತ್ನಾಲ್ಕು ವರ್ಷದ ಕೈ, ಅದು ಸುಳ್ಳು ಹೇಳುವುದಿಲ್ಲ. ಆದರೂ ಐದು ತಿಂಗಳು ಹೀಗೇ ಹೋದರೆ ಕತ್ತರಿ ಕೆಳಗಿಡಬೇಕಾದೀತು. ಅಂಗಡಿಯ ಬಾಗಿಲು ಮುಚ್ಚಿ ನಾನೇನು ಮಾಡಲಿ?

ಇದನ್ನೆಲ್ಲ ಯಾರ ಹತ್ತಿರ ಹೇಳುವುದು? ಯಜಮಾನರು ಹೋದ ಮೇಲೆ ಮನೆಯಲ್ಲಿರುವವರು ನಾನು ಮತ್ತು ಅವರ ತಂಗಿ. ನಾದಿನಿಗೆ ಹೇಳಿಕೊಳ್ಳುವುದಕ್ಕಿಂತ ಗೋಡೆಗೆ ಹೇಳಿಕೊಳ್ಳುವುದು ಮೇಲು, ಗೋಡೆ ಎದುರು ಮಾತಾಡುವುದಿಲ್ಲ. ಅದಕ್ಕೇ ಹಳೆಯ ಅಳತೆ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ, ದಪ್ಪ ಪೆನ್ನಿನಲ್ಲಿ, ನನ್ನ ಕಣ್ಣಿಗೆ ಕಾಣುವಷ್ಟು ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಈ ಬೀದಿಯ ಅರ್ಧ ಜನರ ಸೊಂಟ ಇದೆ.

ಜೂನ್ 4, ಬುಧವಾರ

ನಾದಿನಿ ಔಷಧಿ ಅಂಗಡಿಯಿಂದ ಮೆಷಿನ್ ತಂದಳು. ಪುಟ್ಟ ಡಬ್ಬಿ, ಒಂದು ಕೊಳವೆ, ಒಂದು ಪಟ್ಟಿ. ಪಟ್ಟಿ ನನ್ನ ತೋಳಿಗೆ ಸಾಲಲಿಲ್ಲ. ತುದಿಗೆ ತುದಿ ಮುಟ್ಟುತ್ತದೆ, ಅಂಟಿಕೊಳ್ಳುವುದಿಲ್ಲ. ದಿನವಿಡೀ ದೊಡ್ಡ ಕತ್ತರಿಯಲ್ಲಿ ಎಂಟು ಪದರ ಬಟ್ಟೆ ಕತ್ತರಿಸುವ ತೋಳು, ಸಣ್ಣದಿರಲು ಹೇಗೆ ಸಾಧ್ಯ?

"ವಾಪಸ್ ಕೊಟ್ಟು, ದೊಡ್ಡದಿದ್ರೆ ತರ್ತೀನಿ ಅತ್ತಿಗೆ," ಎಂದಳು.

"ಯಾಕೆ, ನಾನಿನ್ನೂ ಬದುಕಿದೀನಲ್ಲ! ಬಿಗಿಯಾದದ್ದನ್ನ ಸಡಿಲ ಮಾಡಿಸ್ಕೊಳ್ಳೋಕೆ ಈ ಬೀದಿ ಜನ ಯಾರ ಹತ್ರ ಬರ್ತಾರೆ?"

ನಾಲ್ಕು ಇಂಚು ಅಗಲದ ಗಟ್ಟಿ ಬಟ್ಟೆಯ ತುಂಡು ಕತ್ತರಿಸಿ, ಅದಕ್ಕೆ ಅಂಟುಪಟ್ಟಿ ಹೊಲಿದು, ಬಿಪಿ ಪಟ್ಟಿಯ ತುದಿಗೆ ಜೋಡಿಸಿದೆ. ಎರಡು ಸಾಲು ಹೊಲಿಗೆ, ಮೂಲೆಗೆ ಅಡ್ಡ ಹೊಲಿಗೆ. ಇಪ್ಪತ್ತು ನಿಮಿಷದ ಕೆಲಸ. ತೋಳಿಗೆ ಸುತ್ತಿದರೆ ಆರಾಮಾಗಿ ಕೂತಿತು. ನಾದಿನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ ಅತ್ತಿಗೆ," ಎಂದಳು.

ಅವಳ ಬಾಯಲ್ಲಿ ಇಷ್ಟು ಬರುವುದೇ ಅಪರೂಪ. ಗುಂಡಿ ಹಚ್ಚುವುದು, ಅಂಚು ಮಡಿಸುವುದು, ಇಸ್ತ್ರಿ ಹಾಕುವುದು ಬಿಟ್ಟರೆ ಅವಳಿಗೆ ಬೇರೇನೂ ಬರುವುದಿಲ್ಲ. ಒಳ್ಳೆಯ ಕೆಲಸ ಕಂಡಾಗ ಗುರುತಿಸಲಾದರೂ ಬಂತಲ್ಲ.

ಜೂನ್ 5, ಗುರುವಾರ

ಬೆಳಗ್ಗೆ ನೂರ ಅರವತ್ತೆಂಟು. ಮತ್ತೆ ಒತ್ತಿದೆ, ನೂರ ಎಪ್ಪತ್ತೊಂದು. ಮತ್ತೆ ಒತ್ತಿದೆ, ನೂರ ಅರವತ್ತು.

"ಹಾಂ, ಇದನ್ನ ಬರಿ," ಎಂದೆ. ಅಂಕಿ ಓದಿ ಬರೆಯುವ ಕೆಲಸ ನಾದಿನಿಯದು. ಅವಳು ಮೂರನ್ನೂ ಬರೆದಳು.

"ನೀನೇನು ದೊಡ್ಡ ತನಿಖಾಧಿಕಾರಿನಾ? ಕಮ್ಮಿ ಇರೋದನ್ನ ಬರಿ ಅಂದ್ರೆ ಬರೀಬೇಕಪ್ಪ."

"ಗಿರಾಕಿ ಹೊಟ್ಟೆ ಒಳಗೆ ಎಳ್ಕೊಂಡ್ರೆ ನೀವೇನ್ ಹೇಳ್ತೀರಿ ಅತ್ತಿಗೆ? ಉಸಿರು ಬಿಡಿ, ಇರೋದನ್ನ ಇದ್ದ ಹಾಗೆ ಅಳೀಬೇಕು, ಆಮೇಲೆ ಗುಂಡಿ ಕಿತ್ತು ಹೋದ್ರೆ ನನ್ನ ಬೈಬೇಡಿ ಅಂತೀರಲ್ವಾ?"

ನನ್ನ ಮಾತನ್ನೇ ನನ್ನ ಮೇಲೆ ತಿರುಗಿಸಿದಳು. ಊಟದ ತನಕ ಅವಳ ಜೊತೆ ಮಾತು ಬಿಟ್ಟೆ.

ಜೂನ್ 7, ಶನಿವಾರ

164. 162. ಸಂಜೆ 170, 169.

ಮೆಷಿನ್ನಿನ ಮುಖಕ್ಕೆ ಬಟ್ಟೆ ಹೊದಿಸಿ ಮಲಗುತ್ತಿದ್ದೇನೆ.

ಜೂನ್ 9, ಸೋಮವಾರ

ನಾದಿನಿ ನನ್ನನ್ನು ಕೇಳದೆ ಆಸ್ಪತ್ರೆಗೆ ಹೋಗಿ, ಆ ನರ್ಸಿನ ಹತ್ತಿರ ಒಂದು ಹಾಳೆ ಬರೆಸಿಕೊಂಡು ಬಂದಿದ್ದಾಳೆ. ಬಿಪಿ ನೋಡುವುದು ಹೇಗೆ ಎಂದು. ನಾನು ಇಷ್ಟು ದಿನ ಮಾಡಿದ್ದು ಒಂದೂ ಸರಿಯಿಲ್ಲವಂತೆ! ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲಿನಲ್ಲಿ ಕೂರುತ್ತಿದ್ದೆ, ಅದಕ್ಕೆ ಬೆನ್ನಿಲ್ಲ, ಬೆನ್ನಿಗೆ ಆಸರೆ ಇರಬೇಕಂತೆ. ತೋಳನ್ನು ತೊಡೆಯ ಮೇಲೆ ಬಿಡುತ್ತಿದ್ದೆ, ಅದು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕಂತೆ. ಟೀ ಕುಡಿದು ಅರ್ಧ ಗಂಟೆ ಆಗಿರಬೇಕಂತೆ. ಬಚ್ಚಲಿಗೆ ಹೋಗಿ ಬಂದು ಕೂರಬೇಕಂತೆ, ಅದನ್ನೂ ಅವಳು ಗಟ್ಟಿಯಾಗಿ ಓದಿ ಹೇಳಬೇಕೆ? ತೋಳಿನ ಮೇಲೆ ಬಟ್ಟೆ ಇರಬಾರದಂತೆ. ಎಲ್ಲಕ್ಕಿಂತ ದೊಡ್ಡದು, ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಒತ್ತಬೇಕು, ಅಲ್ಲಿಯವರೆಗೂ, ಒತ್ತುವಾಗಲೂ ಮಾತಾಡಬಾರದು.

ಊಟದ ಮನೆಯ ಬೆನ್ನಿರುವ ಕುರ್ಚಿ ತಂದು ಹಾಕಿದಳು. ತೋಳಿನ ಕೆಳಗೆ ಸುತ್ತಿಟ್ಟ ಎರಡು ಥಾನು ಬಟ್ಟೆ ಪೇರಿಸಿದಳು. ಗಡಿಯಾರ ಹಿಡಿದು ಎದುರು ಕೂತಳು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಐದು ನಿಮಿಷ ಮಾತಿಲ್ಲದೆ ಕೂತದ್ದು ಇದೇ ಮೊದಲು. ಅಷ್ಟರಲ್ಲಿ ಹೇಳಬೇಕಾದ ಒಂಬತ್ತು ಮಾತು ನೆನಪಾಯಿತು, ನಾಲಿಗೆ ಕಚ್ಚಿ ಹಿಡಿದೆ.

"ಅತ್ತಿಗೆ, ಕಾಲು," ಎಂದಳು ನಡುವೆ.

ನೋಡಿದರೆ ನನ್ನ ಬಲಗಾಲು ತನ್ನಷ್ಟಕ್ಕೆ ನೆಲ ತುಳಿಯುತ್ತಿತ್ತು. ಮೆಷಿನ್ ತುಳಿದು ತುಳಿದು ಆದ ಅಭ್ಯಾಸ. ಸುಮ್ಮನೆ ಕೂತಾಗಲೆಲ್ಲ ಅದು ಹೊಲಿಯುತ್ತಲೇ ಇರುತ್ತದೆ. ನಿಲ್ಲಿಸಿದೆ, ಎರಡು ಕ್ಷಣಕ್ಕೆ ಮತ್ತೆ ಶುರುವಾಯಿತು. ಕೊನೆಗೆ ಅವಳು ತನ್ನ ಪಾದ ಚಾಚಿ ನನ್ನ ಪಾದದ ಮೇಲಿಟ್ಟಳು. ನಿಂತಿತು.

ನೂರ ಐವತ್ತಾರು, ನೂರ ಐವತ್ತನಾಲ್ಕು. ಇಳಿದಿದೆ. ಡಾಕ್ಟರಿಗೆ ಇದು ಸಾಲದು.

ಜೂನ್ 10, ಮಂಗಳವಾರ

ಬಸ್ ಡಿಪೋದ ಚಾಲಕರಿಗೆ ನಲವತ್ತು ಅಂಗಿ ಹೊಲಿದು ಕೊಡಬೇಕು. ಇಪ್ಪತ್ತೆರಡು ಮುಗಿದಿವೆ. ನಾನು ಹೊಲಿದು ಇಟ್ಟದ್ದನ್ನು ನಾದಿನಿ ಮಧ್ಯಾಹ್ನ, ಯಜಮಾನರ ಹಳೆಯ ಮೆಷಿನ್ ಇರುವ ಒಳಕೋಣೆಗೆ ಒಯ್ದು ಇಸ್ತ್ರಿ ಹಾಕುತ್ತಾಳೆ. ಆರು ಅಂಗಿಗೆ ಮೂರು ಗಂಟೆ! ಇಸ್ತ್ರಿ ಹಾಕುತ್ತಾಳೋ, ಅಂಗಿಗೆ ಜೋಗುಳ ಹಾಡುತ್ತಾಳೋ? ನೀಲಿ ನೂಲಿನ ಉಂಡೆಯೂ ಯಾಕೋ ಬೇಗ ಮುಗಿಯುತ್ತಿದೆ. ಹೊಲಿಗೆ ಬಿಚ್ಚುವ ಕೊಕ್ಕೆ ಡ್ರಾಯರಿನಲ್ಲಿ ಇರುವುದೇ ಇಲ್ಲ, ಕೇಳಿದರೆ ಅವಳ ಜೇಬಿನಿಂದ ಬರುತ್ತದೆ.

ಊಟವಾದ ಮೇಲೆ ಸ್ವಲ್ಪ ಮಲಗುತ್ತೇನೆ. ನಿದ್ದೆಯಲ್ಲೂ ಹೊಲಿಗೆ ಮೆಷಿನ್ ಓಡುವ ಸದ್ದೇ ಕೇಳುತ್ತದೆ. ಕಸುಬು ಅಷ್ಟು ಮೈಗೆ ಹತ್ತಿದೆ.

ಜೂನ್ 11, ಬುಧವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ಸಂಜೆ ಗಾಳಿ ತುಂಬುತ್ತಿದ್ದ ಹಾಗೆ ಪಟ್ಟಿ ಚರ್ರೆಂದು ಬಿಚ್ಚಿಕೊಂಡಿತು. ಬಿಟ್ಟದ್ದು ಅಂಟು, ನನ್ನ ಹೊಲಿಗೆಯಲ್ಲ. ಆದರೂ ನನಗೆ ಅವಮಾನವಾಯಿತು. ಇನ್ನಷ್ಟು ಗಟ್ಟಿ ಮಾಡೋಣವೆಂದು ಪಟ್ಟಿಯ ಅಸಲು ಅಂಚನ್ನೇ ಬಿಚ್ಚಿ ಒಳಗೆ ಬೆರಳು ಹಾಕಿದೆ. ಒಳಗೆ ಒಂದು ರಬ್ಬರಿನ ಚೀಲ. ಗಾಳಿ ತುಂಬುವುದು ಅದಕ್ಕೆ. ಬೆರಳಲ್ಲೇ ಅಳೆದೆ, ಉದ್ದ ಒಂದು ಗೇಣು, ಅಷ್ಟೇ. ತೋಳಿಗಿಟ್ಟು ನೋಡಿದರೆ ಅರ್ಧ ಸುತ್ತು ದಾಟಿ ಸ್ವಲ್ಪ ಬರುತ್ತದೆ, ಮುಂದೆ ಬರೀ ಬಟ್ಟೆ.

ತಲೆಗೆ ಯಾರೋ ಮೊಟಕಿದ ಹಾಗಾಯಿತು. ನಾನು ಉದ್ದ ಮಾಡಿದ್ದು ಬಟ್ಟೆಯನ್ನು. ಅಳೆಯುವ ಚೀಲ ಇದ್ದಷ್ಟೇ ಇದೆ. ಬಿಗಿಯಾದ ಅಂಗಿಗೆ ಗುಂಡಿ ಅರ್ಧ ಇಂಚು ಸರಿಸಿ ಕೊಟ್ಟು ಗಿರಾಕಿಯನ್ನು ಸಾಗಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ, ಈಗ ನಾನು ಮಾಡಿದ್ದು ಅದನ್ನೇ. ಚೀಲ ಚಿಕ್ಕದಾದರೆ ಅದು ತೋಳನ್ನು ಅದುಮಲು ಹೆಚ್ಚು ಒತ್ತಬೇಕು, ಹೆಚ್ಚು ಒತ್ತಿದರೆ ಅಂಕಿ ಹೆಚ್ಚೇ ತೋರಿಸಬೇಕು.

"ಲೇ, ಬಾ ಇಲ್ಲಿ. ಈ ಪಟ್ಟಿ ಮೇಲೆ ಸಣ್ಣಗೆ ಏನೋ ಅಚ್ಚು ಹಾಕಿರ್ತಾರಲ್ಲ, ಅದನ್ನ ಓದು."

ನನ್ನ ಹೊಲಿಗೆಯ ಕೆಳಗೆ ಅರ್ಧ ಮುಚ್ಚಿಹೋಗಿತ್ತು. ಅವಳು ಬಟ್ಟೆ ಸರಿಸಿ ಓದಿದಳು. "ತೋಳಿನ ಸುತ್ತಳತೆ ಇಪ್ಪತ್ತೆರಡರಿಂದ ಮೂವತ್ತೆರಡು ಸೆಂಟಿಮೀಟರ್."

"ಟೇಪ್ ತಗೋ. ನನ್ನ ತೋಳು ಅಳಿ."

"ನಾನಾ?"

"ಮತ್ತಿನ್ಯಾರು, ಬಲಗೈಗೆ ಬಲಗೈಲೇ ಟೇಪ್ ಸುತ್ತೋಕಾಗುತ್ತಾ?"

ಹೆಗಲಿಗೂ ಮೊಣಕೈಗೂ ನಡುವೆ, ಬಿಗಿಯದೆ ಸಡಿಲಿಸದೆ, ಟೇಪು ಸುತ್ತಿದಳು. ಹಿಡಿದ ರೀತಿ ಸರಿಯಾಗಿತ್ತು. "ಹದಿನಾಲ್ಕೂವರೆ ಇಂಚು. ಈ ಕಡೆ ನೋಡಿದ್ರೆ ಮೂವತ್ತೇಳಕ್ಕೆ ಎರಡು ಗೆರೆ ಕಮ್ಮಿ."

ಮೂವತ್ನಾಲ್ಕು ವರ್ಷ ಊರವರ ತೋಳು ಅಳೆದವಳು, ನನ್ನದನ್ನು ಅಳೆದಿರಲಿಲ್ಲ. ನನ್ನ ಬಟ್ಟೆಯನ್ನು ಯಾವಾಗಲೂ ಕಣ್ಣಂದಾಜಿನಲ್ಲೇ ಕತ್ತರಿಸಿಕೊಂಡಿದ್ದೇನೆ. ಆಸ್ಪತ್ರೆಯ ನರ್ಸೂ ಅಳೆದಿಲ್ಲ. ಎಲ್ಲರಿಗೂ ಕಟ್ಟುವ ಪಟ್ಟಿಯನ್ನೇ ನನಗೂ ಎಳೆದು ಕಟ್ಟಿದ್ದಳು. ಕಂಡುಹಿಡಿದದ್ದು ಯಾರು? ಓದು ಕಲಿತ ಡಾಕ್ಟರಲ್ಲ, ಕಣ್ಣು ಕಾಣದ ದರ್ಜಿ. ಬೆರಳ ತುದಿಯಲ್ಲಿ!

ನಾಳೆಯಿಂದ ಶುರುಮಾಡಿದರೆ ಹದಿನೆಂಟಕ್ಕೆ ಸರಿಯಾಗಿ ಏಳು ದಿನ. ಒಂದು ದಿನ ತಪ್ಪಿದರೂ ಹೋಯಿತು. ನಾದಿನಿ ಆಗಲೇ ಚಪ್ಪಲಿ ಮೆಟ್ಟಿ ಔಷಧಿ ಅಂಗಡಿಗೆ ಓಡಿದಳು. ಅಲ್ಲಿರಲಿಲ್ಲವಂತೆ. ಮೂರು ಅಂಗಡಿ ಸುತ್ತಿ, ಏದುಸಿರು ಬಿಡುತ್ತ ದೊಡ್ಡ ಪಟ್ಟಿ ಹಿಡಿದು ಬಂದಳು. ಅವಳಿಗೆ ನಾನೇ ಟೀ ಮಾಡಿಕೊಟ್ಟೆ.

ಜೂನ್ 12, ಗುರುವಾರ

ಬೆಳಗ್ಗೆ ನೂರ ನಲವತ್ತನಾಲ್ಕು, ಎಂಬತ್ತೊಂಬತ್ತು. ಒಂದು ನಿಮಿಷ ಬಿಟ್ಟು ನೂರ ನಲವತ್ತೆರಡು, ಎಂಬತ್ತೆಂಟು.

ಅವಳು ಅಂಕಿ ಓದಿದ ಮೇಲೆ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಎದುರುಮನೆಯಾಕೆ ಬಾಗಿಲಿಗೆ ಬಂದು ಇಣುಕಿದಳು.

ಜೂನ್ 14, ಶನಿವಾರ

139, 138. ಸಂಜೆ 141, 137.

ಐದು ನಿಮಿಷ ಈಗ ಉದ್ದ ಅನಿಸುವುದಿಲ್ಲ. ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿಯವನು ಚಕ್ರ ತಿರುಗಿಸುವ ಸದ್ದು ಕೇಳುತ್ತದೆ. ನಾದಿನಿ ಉಸಿರಾಡುವಾಗ ಮೂಗಿನಲ್ಲಿ ಸಣ್ಣಗೆ ಶಿಳ್ಳೆ ಬರುತ್ತದೆ, ಇವಳ ಅಣ್ಣನಿಗೂ ಹಾಗೇ ಬರುತ್ತಿತ್ತು. ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ನನಗೆ ಕೇಳಿಸಿರಲಿಲ್ಲ. ಕೇಳಿಸಲು ನಾನು ಬಾಯಿ ಮುಚ್ಚಿದ್ದರೆ ತಾನೆ.

ಜೂನ್ 16, ಸೋಮವಾರ

ಡಿಪೋದ ಮೇಲ್ವಿಚಾರಕರು ಬಂದು ಮೂವತ್ತು ಅಂಗಿ ಒಯ್ದರು. ಒಂದನ್ನು ಬಿಡಿಸಿ, ಕಾಲರ್ ತಿರುವಿ, ಒಳಗಿನ ಹೊಲಿಗೆ ನೋಡಿದರು. ನೋಡಬಲ್ಲ ಮನುಷ್ಯ.

"ನಿಮ್ಮ ಕೈಗೆ ವಯಸ್ಸೇ ಆಗಲ್ಲ ಬಿಡಿ. ಹೋದ ವರ್ಷಕ್ಕಿಂತ ಈ ಸಲ ಇನ್ನೂ ನೀಟಾಗಿದೆ," ಎಂದರು.

ಕಣ್ಣು ಕಾಣದೆಯೇ ಇಷ್ಟು! ಸಂತೋಷಕ್ಕೆ ಎರಡು ಲೋಟ ಟೀ ಕುಡಿದು, ಅವರ ಜೊತೆ ಒಂದು ಗಂಟೆ ಮಾತಾಡಿ, ಅದೇ ಉಸಿರಿನಲ್ಲಿ ಬಿಪಿ ನೋಡಿಕೊಂಡೆ. ನೂರ ಐವತ್ತೆಂಟು. ಅಯ್ಯೋ.

"ಇದು ಲೆಕ್ಕಕ್ಕಿಲ್ಲ. ಟೀ ಕುಡಿದಿದ್ದೆ."

"ಬರೀತೀನಿ. ಪಕ್ಕದಲ್ಲಿ ಟೀ ಕುಡಿದಿದ್ರು, ಮಾತಾಡಿದ್ರು ಅಂತಾನೂ ಬರೀತೀನಿ."

"ಮೂರೇ ದಿನ ಉಳಿದಿದೆ ಕಣೇ, ನನ್ನ ಕಣ್ಣಿನ ವಿಷಯ ಇದು!"

"ಅದಕ್ಕೇ ಅತ್ತಿಗೆ," ಎಂದಳು. ಪೆನ್ನು ಕೈಯಲ್ಲೇ ಇತ್ತು. "ಸುಳ್ಳು ಅಂಕಿ ನಂಬಿ ಕಣ್ಣಿಗೆ ಕೈ ಹಾಕಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನನಗೆ ನೀವು ಬಿಟ್ರೆ ಯಾರಿದಾರೆ?"

ಬರಿ ಎಂದೆ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದಾಗ ನೂರ ನಲವತ್ತು, ಅದನ್ನೂ ಬರೆದಳು.

ಜೂನ್ 19, ಗುರುವಾರ

ಟೇಪು ಕೊರಳಿಗೆ ಹಾಕಿಕೊಂಡೇ ಆಸ್ಪತ್ರೆಗೆ ಹೋದೆ. ನರ್ಸ್ ಅದೇ ಹಳೆಯ ಪಟ್ಟಿ ಹಿಡಿದು ಬಂದಾಗ, "ತಾಳಮ್ಮ," ಎಂದು ತೋಳು ಅಳೆಸಿ ತೋರಿಸಿದೆ. ಪಟ್ಟಿಯ ಮೇಲಿನ ಅಚ್ಚನ್ನೂ ಅವಳ ಕೈಯಲ್ಲೇ ಓದಿಸಿದೆ. ಪಾಪ, ಮುಖ ಕೆಂಪಾಗಿರಬೇಕು, ನನಗೆ ಕಾಣಲಿಲ್ಲ. ಓಡಿಹೋಗಿ ಮೇಲಿನ ಮಹಡಿಯಿಂದ ದೊಡ್ಡ ಪಟ್ಟಿ ತಂದಳು. ನಾನು ಗೌನಿನ ಬಗ್ಗೆ ತುಟಿ ಬಿಚ್ಚಲಿಲ್ಲ. ನೂರ ಐವತ್ತೆರಡು. ಹಿಂದೆಯೇ ನಮ್ಮ ಮೆಷಿನ್ನಿನಲ್ಲಿ ನೋಡಿದರೆ ನೂರ ಐವತ್ತು. ನಮ್ಮದು ಒಳ್ಳೆಯ ಮೆಷಿನ್.

ಡಾಕ್ಟರು ನಾದಿನಿ ಬರೆದ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು.

"ಸ್ವಲ್ಪ ಬಿಪಿ ಇರೋದು ನಿಜ. ಚಿಕ್ಕ ಮಾತ್ರೆ ಒಂದು ಕೊಡ್ತೀನಿ, ತಪ್ಪಿಸಬೇಡಿ. ಕಣ್ಣಿಗೆ ಇಪ್ಪತ್ನಾಲ್ಕಕ್ಕೆ ಬನ್ನಿ," ಎಂದರು. ಆಮೇಲೆ, "ಇದನ್ನ ಬರೆದೋರು ಯಾರು? ಎಲ್ಲರೂ ನನಗೆ ಚೆಂದದ ಅಂಕಿ ಆರಿಸ್ಕೊಂಡು ತರ್ತಾರೆ. ಇಲ್ಲಿ ನೂರ ಐವತ್ತೆಂಟನ್ನೂ ಬಿಟ್ಟಿಲ್ಲ. ಅದಕ್ಕೇ ಉಳಿದದ್ದನ್ನ ನಂಬ್ತಿದೀನಿ."

"ನನ್ನ ನಾದಿನಿ," ಎಂದೆ. ಬಾಗಿಲ ಹೊರಗಿದ್ದವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿಬಿಟ್ಟೆ ಎಂದು ಕಾಣುತ್ತದೆ.

ಜೂನ್ 24, ಮಂಗಳವಾರ

ಆಯಿತು. ಬಲಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ನಾಳೆ ಬಿಚ್ಚುತ್ತಾರೆ. ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ, ನಾದಿನಿ ಬೈಯುತ್ತಿದ್ದಾಳೆ, ನಿಲ್ಲಿಸುತ್ತೇನೆ.

ಜೂನ್ 26, ಗುರುವಾರ

ಬಿಳಿ ಇಷ್ಟು ಬಿಳಿಯಾಗಿರುತ್ತದೆ ಎನ್ನುವುದೇ ಮರೆತುಹೋಗಿತ್ತು. ಗೋಡೆ ನೋಡಿದೆ, ಗಡಿಯಾರ ನೋಡಿದೆ, ನಾದಿನಿಯ ತಲೆಯಲ್ಲಿ ಇಷ್ಟೊಂದು ನರೆ ಯಾವಾಗ ಬಂತು ಎಂದು ಅವಳನ್ನೇ ಕೇಳಿದೆ. ಇನ್ನೂ ಕೆಲವು ದಿನ ಹೊಲಿಯಬಾರದು, ನೋಡಬಹುದು.

ಹೊಲಿದದ್ದರಲ್ಲಿ ಮೊದಲು ನೋಡಿದ್ದು ನಾನು ಉದ್ದ ಮಾಡಿದ ಬಿಪಿ ಪಟ್ಟಿಯನ್ನು. ನನ್ನ ಎರಡು ಸಾಲು ಹೊಲಿಗೆ! ಒಂದು ಸಾಲು ಬಟ್ಟೆ ಬಿಟ್ಟು ಹೊರಗೆ ಹೋಗಿ ಮತ್ತೆ ಒಳಗೆ ಬಂದಿದೆ, ಇನ್ನೊಂದು ಅದನ್ನು ಎರಡು ಕಡೆ ದಾಟಿದೆ. ಕುಡಿದವನು ಮನೆ ಸೇರಿದ ದಾರಿ ಹಾಗಿದೆ. ಇದನ್ನು ಬೆಳಕಿಗೆ ಹಿಡಿದು ಅವಳು ಚೆನ್ನಾಗಿದೆ ಅಂದಿದ್ದಳು.

ಕಪಾಟಿನಲ್ಲಿ ಡಿಪೋದ ಹತ್ತು ಅಂಗಿ ಉಳಿದಿದ್ದವು. ಒಂದನ್ನು ಎಳೆದು ಕಿಟಕಿಗೆ ಹಿಡಿದೆ. ಕಾಲರಿನ ಮೇಲೆ ನೆಟ್ಟಗೆ ಒಂದು ಹೊಲಿಗೆ. ಅದರ ಪಕ್ಕದಲ್ಲಿ, ಇಸ್ತ್ರಿ ಹಾಕಿದರೂ ಪೂರ್ತಿ ಮುಚ್ಚಿಹೋಗದ ಸೂಜಿಯ ತೂತುಗಳ ಇನ್ನೊಂದು ಸಾಲು, ಅಂಕುಡೊಂಕು. ತೋಳಿನಲ್ಲಿ ಹಾಗೇ. ಜೇಬಿನಲ್ಲಿ ಹಾಗೇ. ಹತ್ತರಲ್ಲಿ ಹತ್ತೂ ಹಾಗೇ. ನಾನು ಹೊಲಿದದ್ದನ್ನೆಲ್ಲ ಅವಳು ಒಳಕೋಣೆಯಲ್ಲಿ ಬಿಚ್ಚಿ, ಅವಳಣ್ಣನ ಹಳೆಯ ಮೆಷಿನ್ನಿನಲ್ಲಿ ಮತ್ತೆ ಹೊಲಿದಿದ್ದಳು. ನಿದ್ದೆಯಲ್ಲಿ ಕೇಳುತ್ತಿದ್ದ ಸದ್ದು ನನ್ನ ಕಸುಬಿನದಲ್ಲ.

"ಎಷ್ಟು ತಿಂಗಳಿಂದ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಎಂಟು."

"ಬಿಪಿಯ ಒಂದಂಕಿ ಬಿಡದೆ ಬರೆದೋಳು, ಇದನ್ನ ಹ್ಯಾಗೆ ಬಚ್ಚಿಟ್ಟೆ?"

"ಇದನ್ನ ಹೇಳಿದ್ರೆ ಯಾವ ಪಟ್ಟಿ ಕಟ್ಟಿದ್ರೂ ಇನ್ನೂರು ದಾಟ್ತಿತ್ತಲ್ಲ ಅತ್ತಿಗೆ."

ಬೈಯಲು ಬಾಯಿ ತೆರೆದೆ, ನಗು ಬಂತು, ಆಮೇಲೆ ಅಳುವೂ ಬಂತು. ಕಣ್ಣೊರೆಸಿಕೊಳ್ಳಬಾರದೆಂದು ಡಾಕ್ಟರು ಹೇಳಿದ್ದರು, ಅವಳೇ ಹತ್ತಿಯಿಂದ ಕೆನ್ನೆ ಒತ್ತಿದಳು. ಅಷ್ಟಾದ ಮೇಲೆ ಆ ಅಂಗಿಗಳನ್ನು ಒಂದೊಂದಾಗಿ ತಪ್ಪು ಹುಡುಕಲೆಂದೇ ನೋಡಿದೆ. ಹೊಸ ಕಣ್ಣು, ಹಗಲು ಬೆಳಕು. ಇಂಚಿಗೆ ಹನ್ನೆರಡು ಹೊಲಿಗೆ, ಕಾಲರಿನ ಮೂಲೆ ಚೂಪು, ನೂಲಿನ ಗಂಟು ಎಲ್ಲೂ ಮೇಲೆ ಕಾಣುವುದಿಲ್ಲ. ಒಂದೇ ಒಂದು ತಪ್ಪು ಸಿಕ್ಕಲಿಲ್ಲ. ಗುಂಡಿ ಹಚ್ಚುವಾಗ ಪಕ್ಕದಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದವಳು, ಯಾವಾಗ ಕಲಿತಳು? ನನ್ನಿಂದಲೇ ಕಲಿತದ್ದು, ಬೇರೆ ಎಲ್ಲಿಂದ ಬಂದೀತು ಇಂಥ ಕೈ. ಮೇಲ್ವಿಚಾರಕರು ನೀಟಾಗಿದೆ ಅಂದದ್ದು ಇವಳ ಕೆಲಸವನ್ನು. ಶನಿವಾರ ಅವರು ಬಂದಾಗ ಅದನ್ನು ನಾನೇ ಹೇಳುತ್ತೇನೆ.

ಸಂಜೆ ಬಿಪಿ ನೋಡುವ ಹೊತ್ತಾಯಿತು. ನಾನು ಚಿಕ್ಕ ಪಟ್ಟಿಯ ತುದಿಯಿಂದ ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿ ತೆಗೆದಿದ್ದೆ, ಅವತ್ತು ಬಿಚ್ಚಿದ್ದ ಅಸಲು ಅಂಚನ್ನು ಅವಳ ಕೈಯಲ್ಲಿ ಹೊಲಿಸಿದ್ದೆ.

"ಇವತ್ತು ಮೊದಲು ನಿಂದು," ಎಂದೆ.

"ನನಗೇನಾಗಿದೆ?"

"ಕೈ ಕೊಡು. ಇರೋದನ್ನ ಇದ್ದ ಹಾಗೆ ಅಳೀಬೇಕು."

ಅವಳ ತೋಳು ಹನ್ನೊಂದು ಇಂಚು, ಚಿಕ್ಕ ಪಟ್ಟಿಗೆ ಸರಿಯಾದದ್ದು. ಅಳತೆ ಪುಸ್ತಕದ ಮುಂಭಾಗ ತಿರುವಿ ಹೊಸ ಹಾಳೆಯಲ್ಲಿ ನನ್ನ ಹದಿನಾಲ್ಕೂವರೆ, ಅದರ ಕೆಳಗೆ ಅವಳ ಹನ್ನೊಂದು ಬರೆದೆ. ಬೆನ್ನಿರುವ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತೋಳಿನ ಕೆಳಗೆ ಬಟ್ಟೆಯ ಥಾನು ಇಟ್ಟು, ಗಡಿಯಾರ ಹಿಡಿದು ಎದುರು ಕೂತೆ.

ಒಂದು ನಿಮಿಷ ಆಗಿರಲಿಲ್ಲ, ಕೆಳಗೆ ಏನೋ ಅಲುಗಾಡಿದ ಹಾಗಾಯಿತು. ನೋಡಿದರೆ ಅವಳ ಬಲಗಾಲು ನೆಲ ತುಳಿಯುತ್ತಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ. ಬರೀ ಗುಂಡಿ ಹಚ್ಚುವವರ ಕಾಲು ಹಾಗೆ ಆಡುವುದಿಲ್ಲ.

ನನ್ನ ಪಾದ ಚಾಚಿ ಅವಳ ಪಾದದ ಮೇಲಿಟ್ಟೆ. ಹೇಳಬೇಕೆನಿಸಿದ್ದು ಬಹಳ ಇತ್ತು. ಮಾತಾಡಬಾರದಲ್ಲ, ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು.